ಬೇಟೆನಾಯಿಯನ್ನು ಮನೆನಾಯಿಯಾಗಿ ಸಾಕುವುದು: ಕರಾವಳಿಯ ಮನೆಗಳಿಗೊಂದು ಮಾರ್ಗದರ್ಶಿ

ಕಟಪಾಡಿಯ ಸಮೀಪದ ನಮ್ಮ ಮನೆಗೆ ಮುಧೋಳ ತಳಿಯ ಹೆಣ್ಣುಮರಿಯೊಂದು ಬಂದು ಏಳು ವರ್ಷಗಳಾದವು. ರಾಣಿ ಎಂದು ಹೆಸರಿಟ್ಟೆವು. ಅವಳಿಗೆ ಹತ್ತು ತಿಂಗಳಾಗಿದ್ದಾಗ, ಒಂದು ಬೆಳಿಗ್ಗೆ ಹಾಲಿನವರಿಗೆಂದು ತೆರೆದ ಗೇಟಿನಿಂದ ನುಸುಳಿ ಹೊರಗೋಡಿದಳು. ನಾನು ಅಂಗಳ ದಾಟಿ ರಸ್ತೆಗೆ ಬರುವಷ್ಟರಲ್ಲಿ ಪಕ್ಕದ ಮನೆಯವರು ಪ್ರೀತಿಯಿಂದ ಸಾಕಿದ್ದ ಹುಂಜ ಅವಳ ಬಾಯಲ್ಲಿ ಸತ್ತುಹೋಗಿತ್ತು. ಹುಂಜದ ಬೆಲೆ ಕೊಟ್ಟು ಕ್ಷಮೆ ಕೇಳಿದೆ, ಅದು ಸರಿಯಾಗಿತ್ತು. ಆದರೆ ಬಾಯಿಯಿಂದ ಹಕ್ಕಿಯನ್ನು ಬಿಟ್ಟು ನನ್ನ ಕಡೆ ನಡೆದುಬಂದ ನಾಯಿಗೆ ಹೊಡೆದೆ, ಅದು ತಪ್ಪಾಗಿತ್ತು. ಕರೆದಾಗ ಹತ್ತಿರ ಹೋದರೆ ಏಟು ಬೀಳುತ್ತದೆ ಎಂಬುದೊಂದನ್ನೇ ಅವಳು ಆ ದಿನ ಕಲಿತಳು, ಮತ್ತು ಮುಂದಿನ ಎರಡು ತಿಂಗಳು ನನ್ನಿಂದ ನಾಲ್ಕು ಮಾರು ದೂರದಲ್ಲೇ ನಿಂತು ಬಾಲ ಅಲ್ಲಾಡಿಸುತ್ತಿದ್ದಳು. ಆ ಎರಡು ತಿಂಗಳಲ್ಲಿ ಮತ್ತು ಆಮೇಲಿನ ವರ್ಷಗಳಲ್ಲಿ ತಿಳಿದುಕೊಂಡದ್ದನ್ನು, ನಮ್ಮ ಉಡುಪಿ–ಮಂಗಳೂರು ಕಡೆಯ ಮನೆಗಳಿಗೆ ಹೊಂದುವಂತೆ, ಕ್ರಮವಾಗಿ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ತಳಿಗೆ ಕಲಿಸಿದ ಕೆಲಸ ಯಾವುದೆಂದು ತಿಳಿಯಿರಿ

ಬೇಟೆನಾಯಿ ಎಂದೊಡನೆ ಹಲವರ ಕಣ್ಣಮುಂದೆ ಬರುವುದು ತೆಳ್ಳಗಿನ, ಉದ್ದಕಾಲಿನ ನಾಯಿ. ಆದರೆ ಮಂಗಳೂರಿನ ಫ್ಲಾಟುಗಳಲ್ಲಿ ಸೋಫಾದ ಮೇಲೆ ಮಲಗುವ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಕಾಕರ್ ಸ್ಪ್ಯಾನಿಯಲ್, ಬೀಗಲ್, ಡ್ಯಾಶ್‌ಹಂಡ್ ಇವೆಲ್ಲವೂ ಬೇಟೆಗಾಗಿಯೇ ಬೆಳೆಸಿದ ತಳಿಗಳು. ಗುಂಡೇಟು ತಿಂದು ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ಎತ್ತಿ ತರುವುದು ರಿಟ್ರೀವರ್‌ಗಳ ಕೆಲಸ. ಆದ್ದರಿಂದಲೇ ನಿಮ್ಮ ಲ್ಯಾಬ್ರಡಾರ್ ದಿನವಿಡೀ ಚಪ್ಪಲಿ ಹೊತ್ತು ತಿರುಗುತ್ತದೆ. ಬೀಗಲ್ ಮೊಲದ ವಾಸನೆ ಹಿಡಿದು, ಹಿಂದೆ ಬರುವ ಬೇಟೆಗಾರನಿಗೆ ಕೇಳಲೆಂದು ಕೂಗುತ್ತಾ ಸಾಗುವ ನಾಯಿ. ಅದರ ಕೂಗಿಗೆ ಕೆಳಗಿನ ಮನೆಯವರು ದೂರು ಕೊಟ್ಟರೆ ನಾಯಿಯನ್ನು ದೂಷಿಸಿ ಫಲವಿಲ್ಲ. ಡ್ಯಾಶ್‌ಹಂಡ್ ಬಿಲ ಹೊಕ್ಕು ಬೇಟೆಯನ್ನು ಹೊರಗೆಳೆಯಲು ಹುಟ್ಟಿದ್ದು, ಆದ್ದರಿಂದ ಹೂವಿನ ಪಾತಿಯನ್ನು ಅಗೆಯುವುದು ಅದಕ್ಕೆ ಸಹಜ. ಮುಧೋಳ ನಾಯಿಯದು ಕಣ್ಣಿನ ಬೇಟೆ. ಗಂಟೆಗಟ್ಟಲೆ ಅಲುಗಾಡದೆ ಮಲಗಿರುವ ಈ ನಾಯಿ, ದೂರದ ಗುಡ್ಡೆಯಲ್ಲಿ ಏನಾದರೂ ಚಲಿಸಿದ ಕ್ಷಣವೇ ಬಾಣದಂತೆ ಚಿಮ್ಮುತ್ತದೆ.

ಎಲ್ಲರೂ ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಆರಕ್ಕೆ ಮರಳುವ ಮನೆಯಲ್ಲಿ ಇವುಗಳಲ್ಲಿ ಯಾವುದನ್ನೂ ಸಾಕಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮನೆಯಲ್ಲಿ ಹಿರಿಯರೋ ಬೇರೆ ಯಾರೋ ಇದ್ದು, ದಿನಕ್ಕೆ ಎರಡು ಬಾರಿ ನಡೆಸಲು ಒಬ್ಬರು ಗಟ್ಟಿಯಾಗಿ ಒಪ್ಪಿದ್ದರೆ ಮುಂದುವರಿಯಬಹುದು. ಮುಧೋಳ ಮರಿ ಬೇಕೆಂದಿರುವವರು ಬಾಗಲಕೋಟೆ ಜಿಲ್ಲೆಯ ಮುಧೋಳದ ಬಳಿಯ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನೋ, ಆ ತಾಲೂಕಿನ ಹಳ್ಳಿಗಳ ಸಾಕಣೆದಾರರನ್ನೋ ಸಂಪರ್ಕಿಸುವುದು ಒಳ್ಳೆಯದು. ಮರಿಯ ತಾಯಿಯನ್ನು ಕಣ್ಣಾರೆ ನೋಡಿ; ಅಂಜಿ ಮೂಲೆ ಸೇರುವ ಅಥವಾ ಹತ್ತಿರ ಬಿಡದ ತಾಯಿಯ ಮರಿ ಬೇಡ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು. ಈ ತಳಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಹೊರಬಂದಿತು, 2016ರಲ್ಲಿ ಭಾರತೀಯ ಸೇನೆ ತರಬೇತಿಗಾಗಿ ಮುಧೋಳ ಮರಿಗಳನ್ನು ಮೀರತ್‌ಗೆ ಒಯ್ದಿತು ಎಂಬುದೆಲ್ಲ ಹೆಮ್ಮೆಯ ವಿಷಯವೇ ಹೌದು. ಆದರೆ ಹೆಮ್ಮೆಗಾಗಿ ಮರಿ ತಂದು ಆಮೇಲೆ ಸರಪಳಿಯಲ್ಲಿ ಕಟ್ಟಿಹಾಕುವವರನ್ನು ನಾನು ನಮ್ಮ ಊರಿನಲ್ಲೇ ಕಂಡಿದ್ದೇನೆ.

ಎರಡನೆಯದು: ಮರಿ ಬರುವ ಮುನ್ನ ಮನೆಯನ್ನು ಸಿದ್ಧಪಡಿಸಿ

ನಮ್ಮ ಕಡೆಯ ಹಳೆಯ ಮನೆಗಳಿಗೆ ಎದೆಮಟ್ಟದ ಕೆಂಪುಕಲ್ಲಿನ ಪಾಗಾರವೂ ದಾಟಿ ಬರಲೊಂದು ದಣಪೆಯೂ ಇರುತ್ತವೆ. ಬೆಳೆದ ಮುಧೋಳ ನಾಯಿಗೆ ಇವೆರಡೂ ತಡೆಯಾಗಲಾರವು. ಆರು ಅಡಿಯ ಗೋಡೆ ಅಥವಾ ಪಾಗಾರದ ಮೇಲೆ ಅಷ್ಟೇ ಎತ್ತರಕ್ಕೆ ಬಲೆ ಇರಬೇಕು, ಗೇಟಿನ ಕೆಳಗೆ ನಾಲ್ಕು ಬೆರಳಿಗಿಂತ ಹೆಚ್ಚು ಸಂದು ಇರಬಾರದು. ಪಾಗಾರಕ್ಕೆ ಒರಗಿಸಿದ ಸೌದೆಯ ರಾಶಿಯನ್ನು ಅಲ್ಲಿಂದ ತೆಗೆಯಿರಿ, ಏಕೆಂದರೆ ಅದು ನಾಯಿಗೆ ಮೆಟ್ಟಿಲಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಬಾವಿಯನ್ನು ನೋಡಿಕೊಳ್ಳಿ. ತಗ್ಗಿನ ಕಟ್ಟೆಯ ಬಾವಿ, ಅದರಲ್ಲೂ ತೋಟದ ನಡುವೆ ನೆಲಮಟ್ಟದಲ್ಲೇ ಇರುವ ಬಾವಿ, ಓಡುವ ನಾಯಿಯ ಕಣ್ಣಿಗೆ ಬೀಳುವುದಿಲ್ಲ. ಅಳಿಲಿನ ಮೇಲೆ ನೋಟ ನೆಟ್ಟ ನಾಯಿ ಅಳಿಲು ಜಿಗಿದ ಕಡೆಗೇ ಜಿಗಿಯುತ್ತದೆ. ಮರಿ ತರುವ ಮೊದಲೇ ಕಬ್ಬಿಣದ ಚೌಕಟ್ಟಿನ ಬಲೆ ಹಾಕಿಸಿ.

ಮನೆಯೊಳಗೆ ನಯವಾದ ಟೈಲ್ಸ್ ಅಥವಾ ಕಾವಿ ನೆಲವಿದ್ದರೆ ನಾಯಿ ತಿರುಗಾಡುವ ದಾರಿಯಲ್ಲಿ ಗೋಣಿ ಅಥವಾ ಚಾಪೆ ಹಾಸಿ, ಇಲ್ಲವಾದರೆ ಉದ್ದಕಾಲಿನ ಮರಿ ಜಾರಿ ಕೀಲು ನೋಯಿಸಿಕೊಳ್ಳುತ್ತದೆ. ಮಲಗಲು ಜನ ಓಡಾಡದ ಒಂದು ಮೂಲೆ ಕೊಡಿ. ಕೊಬ್ಬು ಕಡಿಮೆಯಿರುವ ಈ ಜಾತಿಯ ನಾಯಿಗಳಿಗೆ ಬರಿ ನೆಲದ ಮೇಲೆ ಮಲಗಿ ಮೊಣಕೈ ಒರೆದು ಹುಣ್ಣಾಗುವುದುಂಟು. ದಪ್ಪ ಹಾಸಿಗೆಯನ್ನೇ ಹಾಕಬೇಕು.

ಮೂರನೆಯದು: ಮೊದಲ ತಿಂಗಳುಗಳಲ್ಲಿ ಲೋಕ ತೋರಿಸಿ

ಸುಮಾರು ಮೂರನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ಮರಿಯ ಮನಸ್ಸು ಹೊಸತನ್ನು ಅಂಜಿಕೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಲಸಿಕೆಗಳು ಪೂರ್ತಿಯಾಗದೆ ನೆಲಕ್ಕೆ ಇಳಿಸಬಾರದೆಂದು ಮರಿಯನ್ನು ಕೋಣೆಯೊಳಗೇ ಇಟ್ಟರೆ ಈ ಕಾಲ ಕಳೆದುಹೋಗುತ್ತದೆ. ಆದ್ದರಿಂದ ತೋಳಿನಲ್ಲಿ ಎತ್ತಿಕೊಂಡು ಹೊರಡಿ. ಮೀನಿನವರ ಸ್ಕೂಟರಿನ ಹಾರ್ನ್, ಮಿಕ್ಸಿ, ಬಸ್ಸು, ದೂರದ ಚೆಂಡೆಯ ಸದ್ದು, ಕೊಡೆ ಹಿಡಿದವರು, ಹೆಲ್ಮೆಟ್ ತೊಟ್ಟವರು, ಹಟ್ಟಿಯ ದನ, ಇವೆಲ್ಲವನ್ನೂ ಮರಿ ನೋಡಲಿ, ಕೇಳಲಿ. ಪ್ರತಿ ಸಲವೂ ಬೇಯಿಸಿದ ಕೋಳಿಯ ಸಣ್ಣ ತುಣುಕೊಂದು ಬಾಯಿಗೆ ಬೀಳಲಿ. ದೀಪಾವಳಿಯ ಪಟಾಕಿಗೂ ನವರಾತ್ರಿಯ ಹುಲಿವೇಷದ ತಾಸೆಗೂ ಬೆದರಿ ಗೇಟು ಹಾರುವ ನಾಯಿಗಳಲ್ಲಿ ಹಲವು ಮರಿಯಾಗಿದ್ದಾಗ ಇಂಥ ಸದ್ದುಗಳನ್ನು ನೆಮ್ಮದಿಯಾಗಿ ಕೇಳಿರುವುದೇ ಇಲ್ಲ.

ನಾಲ್ಕನೆಯದು: ನೋಟವನ್ನು ಓದಲು ಕಲಿಯಿರಿ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದಲು ನಿಮಗೆ ಸಮಯವಿದ್ದರೆ ಇದನ್ನು ಓದಿ.

ಬೇಟೆ ಎಂಬುದು ಒಂದು ಸರಣಿ. ನಾಯಿ ಮೊದಲು ಬೇಟೆಯ ಕಡೆ ತಿರುಗುತ್ತದೆ, ದಿಟ್ಟಿಸುತ್ತದೆ, ಹೊಂಚುತ್ತದೆ, ಓಡಿಸಿಕೊಂಡು ಹೋಗುತ್ತದೆ, ಹಿಡಿಯುತ್ತದೆ, ಕೊಲ್ಲುತ್ತದೆ. ಮನುಷ್ಯ ತಳಿಗಳನ್ನು ರೂಪಿಸುವಾಗ ಈ ಸರಣಿಯ ಕೆಲವು ಕೊಂಡಿಗಳನ್ನು ಬಲಪಡಿಸಿ ಕೆಲವನ್ನು ಸಡಿಲಿಸಿದ. ಪಾಯಿಂಟರ್ ದಿಟ್ಟಿಸುವಲ್ಲಿ ನಿಂತುಬಿಡುತ್ತದೆ, ರಿಟ್ರೀವರ್ ಕೊಲ್ಲದೆ ಎತ್ತುತ್ತದೆ, ಮುಧೋಳ ನಾಯಿಯಲ್ಲಿ ಓಟದ ಕೊಂಡಿ ಉಳಿದೆಲ್ಲಕ್ಕಿಂತ ಗಟ್ಟಿ. ಓಟ ಆರಂಭವಾದ ಮೇಲೆ ಅದರ ಕಿವಿಗೆ ನಿಮ್ಮ ಕೂಗು ನಿಜಕ್ಕೂ ಮುಟ್ಟುವುದಿಲ್ಲ ಎಂದೇ ತಿಳಿಯಿರಿ. ನಿಮ್ಮ ಕೈಯಲ್ಲಿರುವುದು ದಿಟ್ಟಿಸುವ ಆ ಒಂದೆರಡು ಸೆಕೆಂಡುಗಳು ಮಾತ್ರ.

ಆ ಸೆಕೆಂಡುಗಳನ್ನು ಹತ್ತಿರದಿಂದ ನೋಡಿದರೆ ಗುರುತು ಸಿಗುತ್ತದೆ. ರಾಣಿ ಬೈಲಿನ ಅಂಚಿನಲ್ಲಿ ನಡೆಯುತ್ತಿರುತ್ತಾಳೆ, ಬಾಯಿ ತೆರೆದು ನಾಲಿಗೆ ಹೊರಗೆ ಚಾಚಿರುತ್ತಾಳೆ. ಹುಲ್ಲಿನಲ್ಲಿ ಏನೋ ಅಲುಗುತ್ತದೆ. ಮೊದಲು ಅವಳ ಬಾಯಿ ಮುಚ್ಚಿಕೊಳ್ಳುತ್ತದೆ, ಏದುಸಿರು ನಿಲ್ಲುತ್ತದೆ. ಹಿಂದಕ್ಕೆ ಮಡಿಸಿದ್ದ ಕಿವಿಗಳು ಬುಡದಿಂದ ಎದ್ದು ಮುಂದಕ್ಕೆ ಬರುತ್ತವೆ. ಒಂದು ಮುಂಗಾಲು ಗಾಳಿಯಲ್ಲೇ ಉಳಿಯುತ್ತದೆ. ಬೆನ್ನಿನ ನೇರಕ್ಕೆ ಬಾಲ ನಿಂತು ಅದರ ತುದಿ ಮಾತ್ರ ಕಂಪಿಸುತ್ತದೆ. ಬಾಯಿ ಮುಚ್ಚಿದಾಗಲೇ ಕರೆಯಬೇಕು. ಬಾಲ ಕಂಪಿಸುವವರೆಗೆ ಕಾದರೆ ತಡವಾಯಿತು.

ಇದನ್ನು ಅಭ್ಯಾಸ ಮಾಡಿಸುವ ಬಗೆ ಹೀಗೆ. ಮನೆಯೊಳಗೆ, ಯಾವ ಆಕರ್ಷಣೆಯೂ ಇಲ್ಲದಿರುವಾಗ, ಒಂದು ಪದವನ್ನು ಆರಿಸಿಕೊಳ್ಳಿ. ನಾವು ‘ಬಾ ಇಲ್ಲಿ’ ಎಂದು ಇಡೀ ದಿನ ಎಲ್ಲರನ್ನೂ ಕರೆಯುವುದರಿಂದ ಆ ಮಾತು ಸವೆದುಹೋಗಿರುತ್ತದೆ. ಬೇರೆಲ್ಲೂ ಬಳಸದ ಪದವಿರಲಿ, ಅಥವಾ ಒಂದು ಸೀಟಿಯಾಗಲಿ. ನಾವು ಸೀಟಿ ಬಳಸುತ್ತೇವೆ. ಸೀಟಿ ಊದಿ, ನಾಯಿ ತಲೆ ತಿರುಗಿಸಿದ ಕ್ಷಣ ಅದಕ್ಕೆ ಅತಿ ಇಷ್ಟವಾದ ತಿನಿಸು ಕೊಡಿ. ರಾಣಿಗೆ ಅದು ಮುಳ್ಳು ಬಿಡಿಸಿದ ಬೇಯಿಸಿದ ಬಂಗುಡೆ, ಮತ್ತು ಸೀಟಿಯ ಹೊರತು ಬೇರೆ ಯಾವ ಸಂದರ್ಭದಲ್ಲೂ ಅದು ಅವಳಿಗೆ ಸಿಗುವುದಿಲ್ಲ. ಎರಡು ವಾರಗಳ ಬಳಿಕ ಅಂಗಳದಲ್ಲಿ, ಆಮೇಲೆ ತೋಟದಲ್ಲಿ, ಆಮೇಲೆ ಉದ್ದ ಹಗ್ಗ ಕಟ್ಟಿ ದೂರದಲ್ಲಿ ಕೋಳಿ ಕಾಣುವಂತೆ ಇದನ್ನೇ ಮುಂದುವರಿಸಿ. ಕೋಳಿಯಿಂದ ಐವತ್ತು ಅಡಿ ದೂರದಲ್ಲಿ ಸೀಟಿಗೆ ತಿರುಗುವ ನಾಯಿ ಇಪ್ಪತ್ತು ಅಡಿಯಲ್ಲಿ ತಿರುಗದಿದ್ದರೆ, ಅದು ಹಟಮಾರಿಯಾಯಿತೆಂದು ಭಾವಿಸದೆ ಮತ್ತೆ ನಲವತ್ತು ಅಡಿಗೆ ಹಿಂದೆ ಸರಿಯಿರಿ. ನಮಗೆ ಇದು ಎಂಟು ತಿಂಗಳು ಹಿಡಿಯಿತು. ಸೀಟಿಗೆ ಬಂದ ನಾಯಿಯನ್ನು ಯಾವ ಕಾರಣಕ್ಕೂ ಬೈಯಬೇಡಿ, ಬಂದೊಡನೆ ಕಟ್ಟಿಹಾಕಲೂ ಬೇಡಿ. ತಿನಿಸು ಕೊಟ್ಟು ಮತ್ತೆ ಸ್ವಲ್ಪ ಹೊತ್ತು ಮೂಸಾಡಲು ಬಿಡಿ.

ಐದನೆಯದು: ಪಟ್ಟಿ ಮತ್ತು ಹಗ್ಗ

ಮುಧೋಳದಂಥ ನಾಯಿಯ ಕೊರಳು ತಲೆಯಷ್ಟೇ ದಪ್ಪ, ಆದ್ದರಿಂದ ಮಾಮೂಲಿ ಬೆಲ್ಟು ಹಿಂದಕ್ಕೆ ಎಳೆದಾಗ ಸಲೀಸಾಗಿ ಕಳಚುತ್ತದೆ. ಎಳೆದಾಗ ಒಂದಿಷ್ಟು ಮಾತ್ರ ಬಿಗಿಯುವ, ಎರಡು ಇಂಚು ಅಗಲದ ಮಾರ್ಟಿಂಗೇಲ್ ಮಾದರಿಯ ಪಟ್ಟಿ ತರಿಸಿ. ಮೂವತ್ತು ಅಡಿಯ ಅಭ್ಯಾಸದ ಹಗ್ಗವನ್ನು ಮಾತ್ರ ಕೊರಳಿಗೆ ಕಟ್ಟದೆ ಎದೆಗೆ ತೊಡಿಸುವ ಹಾರ್ನೆಸ್‌ಗೆ ಕಟ್ಟಬೇಕು, ಏಕೆಂದರೆ ವೇಗ ಪಡೆದ ನಾಯಿ ಹಗ್ಗದ ತುದಿ ಮುಟ್ಟಿದಾಗ ಕೊರಳಿಗೆ ಬೀಳುವ ಜಗ್ಗು ಅಪಾಯಕಾರಿ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ. ಸುತ್ತಿಕೊಂಡ ಒಂದು ದಿನ ನನ್ನ ಎರಡು ಬೆರಳುಗಳ ಚರ್ಮ ಸುಲಿದುಹೋಗಿತ್ತು.

ಬೇಲಿಯಿಲ್ಲದ ಜಾಗದಲ್ಲಿ, ಎಷ್ಟೇ ತರಬೇತಿಯಾಗಿದ್ದರೂ, ಹಗ್ಗ ಬಿಚ್ಚಬೇಡಿ. ನಮ್ಮ ಊರುಗಳ ನಡುವೆಯೇ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ಬೆಕ್ಕಿನ ಹಿಂದೆ ಓಡುವ ನಾಯಿಗೆ ಹೆದ್ದಾರಿಯೂ ಬೈಲೂ ಒಂದೇ.

ಆರನೆಯದು: ಓಟಕ್ಕೆ ದಾರಿ ಮಾಡಿಕೊಡಿ

ಓಡುವ ಆಸೆಯನ್ನು ಅದುಮಿದರೆ ಅದು ಎಲ್ಲೋ ಒಂದು ಕಡೆ ಒಡೆದು ಹೊರಬರುತ್ತದೆ, ಆದ್ದರಿಂದ ಅದಕ್ಕೊಂದು ಜಾಗ ಮತ್ತು ಹೊತ್ತು ಗೊತ್ತುಮಾಡಿ. ಮೂರು ಅಡಿಯ ಬಿದಿರ ಕೋಲಿನ ತುದಿಗೆ ಐದಾರು ಅಡಿ ಹಗ್ಗ, ಹಗ್ಗದ ತುದಿಗೆ ಹಳೆಯ ಬೈರಾಸಿನ ಗಂಟು ಕಟ್ಟಿ. ಅದನ್ನು ನೆಲದ ಮೇಲೆ ಹರಿದಾಡಿಸಿದರೆ ಅಂಗಳದಲ್ಲೇ ಹತ್ತು ನಿಮಿಷದಲ್ಲಿ ನಾಯಿಗೆ ತೃಪ್ತಿಯಾಗುವಷ್ಟು ಓಟ ಸಿಗುತ್ತದೆ. ಆಟದ ನಡುವೆ ಗಂಟನ್ನು ನಿಲ್ಲಿಸಿ, ನಾಯಿ ಕುಳಿತ ಮೇಲೆ ಮತ್ತೆ ಆರಂಭಿಸಿ. ತಡೆದುಕೊಂಡರೆ ಓಟ ಸಿಗುತ್ತದೆಂಬ ತಿಳಿವಳಿಕೆ ಇದರಿಂದಲೇ ಬರುತ್ತದೆ. ಬೀಗಲ್, ಸ್ಪ್ಯಾನಿಯಲ್‌ಗಳಿಗೆ ಮೂಗಿನ ಕೆಲಸ ಕೊಡಿ. ತೆಂಗಿನ ಗರಟದ ಕೆಳಗೆ, ಬಾಗಿಲ ಸಂದಿನಲ್ಲಿ, ಚಾಪೆಯ ಮಡಿಕೆಯಲ್ಲಿ ತಿನಿಸು ಬಚ್ಚಿಟ್ಟು ಹುಡುಕಿಸಿದರೆ ಜಡಿಮಳೆಯ ದಿನವೂ ಅವು ದಣಿದು ಮಲಗುತ್ತವೆ.

ಮಾರ್ಚ್‌ನಿಂದ ಮೇ ವರೆಗೆ ಬೆಳಿಗ್ಗೆ ಏಳರೊಳಗೆ ಮತ್ತು ಸೂರ್ಯ ಮುಳುಗಿದ ಬಳಿಕ ಮಾತ್ರ ನಡೆಸಿ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ನಾಯಿ ಎಷ್ಟು ಏದುಸಿರು ಬಿಟ್ಟರೂ ಮೈಯ ಬಿಸಿ ಸುಲಭವಾಗಿ ಇಳಿಯುವುದಿಲ್ಲ. ಆರೋಗ್ಯವಂತ ನಾಯಿಯ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ; 41 ತಲುಪಿದರೆ ಪ್ರಾಣಕ್ಕೇ ಸಂಚಕಾರ. ಒಸಡು ಕಡುಗೆಂಪಾಗಿ ನಡೆ ತೂರಾಡಿದರೆ ನೆರಳಿಗೆ ತಂದು, ಮೈಗೆ ನೀರು ಸುರಿದು, ಫ್ಯಾನಿನ ಕೆಳಗಿಟ್ಟು, ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ಪಣಂಬೂರು, ಮಲ್ಪೆ, ಕಾಪು ಕಡಲ ತೀರಗಳಿಗೆ ಕರೆದೊಯ್ಯುವುದಾದರೆ ಜನ ಸೇರುವ ಸಂಜೆಯನ್ನು ಬಿಟ್ಟು ನಸುಕಿನಲ್ಲಿ ಹೋಗಿ. ಬಲೆಯಿಂದ ಬಿಸಾಡಿದ ಮೀನನ್ನು ತಿನ್ನಲು ಬಿಡಬೇಡಿ, ಅದರಲ್ಲಿ ಹೊಟ್ಟೆಯುಬ್ಬುವ ವಿಷದ ಮೀನೂ ಇರಬಹುದು.

ಏಳನೆಯದು: ಮಳೆಗಾಲ ಮತ್ತು ಆರೋಗ್ಯ

ಬಯಲುಸೀಮೆಯ ಒಣಹವೆಯಿಂದ ಬಂದ ತೆಳುರೋಮದ ನಾಯಿಗೆ ನಮ್ಮ ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ಮಳೆ ಹೊಸ ಲೋಕ. ಒದ್ದೆಯಾಗಿ ಬಂದ ಪ್ರತಿ ಸಲ ಬೆರಳ ಸಂದು, ಕಂಕುಳು, ಕಿವಿಯ ಒಳಮಡಿಕೆಗಳನ್ನು ಒರೆಸಿ, ಇಲ್ಲವಾದರೆ ಬೂಸ್ಟು ತಗಲಿ ತುರಿಕೆಯಾಗುತ್ತದೆ. ಹಟ್ಟಿಯ ಒಲೆಯ ಬಳಿ ನಾಯಿಗೊಂದು ಜಾಗ ಮಾಡಿಕೊಟ್ಟರೆ ಅದು ನಿಮ್ಮನ್ನು ಬಿಟ್ಟು ಅಲ್ಲೇ ಇರುತ್ತದೆ.

ಗದ್ದೆ, ತೋಡುಗಳ ನಿಂತ ನೀರಿನಲ್ಲಿ ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್, ಅಂದರೆ ನಾವು ಇಲಿಜ್ವರ ಎನ್ನುವ ರೋಗ, ನಾಯಿಗೂ ಬರುತ್ತದೆ ಮತ್ತು ನಾಯಿಯ ಮೂತ್ರದಿಂದ ಮನೆಯವರಿಗೂ ತಗಲಬಲ್ಲದು. ಇದರ ಲಸಿಕೆಯನ್ನು ವರ್ಷಕ್ಕೊಮ್ಮೆ, ಮಳೆಗೆ ಮುನ್ನ ಹಾಕಿಸುವುದು ಜಾಣತನ. ಆರರಿಂದ ಎಂಟನೆಯ ವಾರದಲ್ಲಿ ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ರೋಗಗಳ ಲಸಿಕೆಗಳು ಆರಂಭವಾಗಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಬೂಸ್ಟರ್ ಮತ್ತು ಪ್ರತಿವರ್ಷದ ಲಸಿಕೆ. ಪೊದೆ ನುಗ್ಗುವ ನಾಯಿಗೆ ಉಣ್ಣಿ ತಪ್ಪಿದ್ದಲ್ಲ, ಮತ್ತು ಉಣ್ಣಿಯಿಂದ ಬರುವ ಜ್ವರ ರಕ್ತವನ್ನೇ ಬತ್ತಿಸುತ್ತದೆ. ದಿನಕ್ಕೊಮ್ಮೆ ಕಿವಿಯ ಸಂದು, ಬೆರಳ ನಡುವೆ ಕೈಯಾಡಿಸಿ ನೋಡಿ.

ಸಂತಾನಹರಣದಂಥ ಶಸ್ತ್ರಚಿಕಿತ್ಸೆಗೆ ಮೊದಲು ಇದು ಮುಧೋಳ ತಳಿ ಎಂದು ವೈದ್ಯರ ಗಮನಕ್ಕೆ ತನ್ನಿ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಓಟದ ನಾಯಿಗಳು ಕೆಲವು ಅರಿವಳಿಕೆ ಔಷಧಗಳಿಂದ ಚೇತರಿಸಿಕೊಳ್ಳಲು ಹೆಚ್ಚು ಸಮಯ ತೆಗೆದುಕೊಳ್ಳುತ್ತವೆ.

ಎಂಟನೆಯದು: ಊಟ

ಕುಚ್ಚಲಕ್ಕಿ ಅನ್ನದೊಂದಿಗೆ ಬೇಯಿಸಿದ ಮಾಂಸ, ಮೊಟ್ಟೆ, ಮುಳ್ಳಿಲ್ಲದ ಮೀನು, ಸ್ವಲ್ಪ ತರಕಾರಿ ಸಾಕು. ಬೆಳೆಯುವ ಮರಿಗೆ ಸುಣ್ಣದಂಶ ಎಷ್ಟು ಬೇಕೆಂದು ವೈದ್ಯರನ್ನು ಕೇಳಿ. ಮಿಕ್ಕ ಮೀನುಸಾರು ಅನ್ನ ಹಾಕುವ ರೂಢಿಯನ್ನು ಬಿಡಬೇಕು, ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟುಗಳೂ ಅಷ್ಟೇ. ಉಂಡ ಮೇಲೆ ಒಂದು ಗಂಟೆ ಓಡಿಸಬೇಡಿ. ಮುಧೋಳ ನಾಯಿಯ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣಿಸುವುದು ಸಹಜ. ನೆಂಟರು ‘ಪಾಪ, ಹೊಟ್ಟೆಗೆ ಹಾಕುವುದಿಲ್ಲವೇ’ ಎಂದು ಕೇಳುತ್ತಾರೆಂದು ಉಬ್ಬಿಸಲು ಹೋಗಬೇಡಿ.

ಒಂಬತ್ತನೆಯದು: ಮಕ್ಕಳು, ಬೆಕ್ಕು, ಕೋಳಿ

ಚೆನ್ನಾಗಿ ಬೆಳೆಸಿದ ಬೇಟೆನಾಯಿ ಮನೆಯ ಮಕ್ಕಳೊಂದಿಗೆ ಮೃದುವಾಗಿರುತ್ತದೆ. ನನ್ನ ತಂಗಿಯ ಮಗಳು ನಡೆಯಲು ಕಲಿತದ್ದೇ ರಾಣಿಯ ಬೆನ್ನು ಹಿಡಿದು. ಆದರೂ ಐದಾರು ವರ್ಷದೊಳಗಿನ ಮಗುವನ್ನು ನಾಯಿಯೊಂದಿಗೆ ಒಂಟಿಯಾಗಿ ಬಿಡಬೇಡಿ. ಕಿರುಚುತ್ತಾ ಓಡಬಾರದು, ಉಣ್ಣುವ ಮತ್ತು ಮಲಗಿದ ನಾಯಿಯನ್ನು ಮುಟ್ಟಬಾರದು ಎಂಬೆರಡು ನಿಯಮಗಳನ್ನು ಮಗುವಿಗೂ ಕಲಿಸಬೇಕು.

ಮರಿಯಿದ್ದಾಗಿನಿಂದ ಜೊತೆಗೆ ಬೆಳೆದ ಬೆಕ್ಕನ್ನು ನಾಯಿ ಮನೆಯವರೆಂದೇ ಎಣಿಸಬಹುದು. ಆದರೆ ಅದೇ ಬೆಕ್ಕು ಅಂಗಳದಲ್ಲಿ ಓಡಿದರೆ ಹಳೆಯ ಸರಣಿ ಎಚ್ಚರಗೊಳ್ಳುವುದನ್ನು ನಾನು ನೋಡಿದ್ದೇನೆ. ಮನೆಯೊಳಗಿನ ಸ್ನೇಹ ಹೊರಗೂ ಇರುತ್ತದೆಂದು ನಂಬಬೇಡಿ. ಕೋಳಿಗಳಿಗೆ ಗಟ್ಟಿ ಗೂಡು ಮತ್ತು ಬಲೆಯ ಬೇಲಿ ಕಟ್ಟುವುದೊಂದೇ ಪರಿಹಾರ. ನೆರೆಯವರೊಂದಿಗೆ ಮೊದಲೇ ಮಾತಾಡಿ, ಅವರು ಕೋಳಿ ಬಿಡುವ ಹೊತ್ತನ್ನು ತಿಳಿದು, ನಿಮ್ಮ ನಾಯಿಯನ್ನು ಆ ಹೊತ್ತಿಗೆ ಒಳಗಿಡಿ. ಹೊಂದಿಕೊಳ್ಳಬೇಕಾದವರು ನಾಯಿ ತಂದ ನಾವು.

ಹತ್ತನೆಯದು: ರಾತ್ರಿ, ಹಾವು ಮತ್ತು ಬೋಂಟೆಗೆ ಕರೆಯುವವರು

ಗುಡ್ಡೆಯಂಚಿನ ಊರುಗಳಲ್ಲಿ ಚಿರತೆ ಮೊದಲು ಒಯ್ಯುವುದು ಅಂಗಳದಲ್ಲಿ ಕಟ್ಟಿದ ನಾಯಿಯನ್ನು. ಎಷ್ಟೇ ಚುರುಕಿನ ಬೇಟೆನಾಯಿಯಾದರೂ ಕಟ್ಟಿಹಾಕಿದ ಮೇಲೆ ಅಸಹಾಯಕ. ಕತ್ತಲಾದ ಮೇಲೆ ನಾಯಿ ಮನೆಯೊಳಗೆ ಮಲಗಲಿ. ಹಗಲಿಡೀ ಕಟ್ಟಿ, ನಡೆಸದೆ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರವೂ ಅಪರಾಧ.

ಹಾವು ಕಂಡರೆ ಈ ನಾಯಿಗಳು ಹಿಂದೆ ಸರಿಯುವುದಿಲ್ಲ. ತರಗೆಲೆಯ ರಾಶಿಯನ್ನೂ ಕಲ್ಲಿನ ಗುಡ್ಡೆಯನ್ನೂ ಅಂಗಳದಿಂದ ದೂರವಿಡಿ. ಕಚ್ಚಿತೆಂಬ ಅನುಮಾನವಿದ್ದರೆ ಗಾಯ ಕೊಯ್ಯುವುದು, ಬಿಗಿದು ಕಟ್ಟುವುದು, ಮದ್ದು ಅರೆಯುವುದು ಯಾವುದೂ ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಿ. ಅದು ಎಲ್ಲಿ ಸಿಗುತ್ತದೆಂದು ಮಳೆಗಾಲಕ್ಕೆ ಮುನ್ನವೇ ವಿಚಾರಿಸಿಟ್ಟುಕೊಳ್ಳಬೇಕು.

ಇನ್ನೊಂದು ಮಾತು. ಹಿಂದೆ ತುಳುನಾಡಿನ ಹಳ್ಳಿಗಳಲ್ಲಿ ನಾಯಿಗಳನ್ನು ಕರೆದುಕೊಂಡು ಬೋಂಟೆಗೆ, ಅಂದರೆ ಕಾಡುಬೇಟೆಗೆ, ಹೋಗುವ ರೂಢಿಯಿತ್ತು, ಮತ್ತು ಒಳ್ಳೆಯ ನಾಯಿ ಕಂಡರೆ ಒಂದು ರಾತ್ರಿಗೆ ಕೊಡುತ್ತೀರಾ ಎಂದು ಕೇಳುವವರು ಇಂದೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಮೊಲ, ಕಾಡುಹಂದಿ, ಉಡ, ನವಿಲು ಯಾವುದರ ಬೇಟೆಯಾಡಿದರೂ ಶಿಕ್ಷೆಯಿದೆ. ಒಮ್ಮೆ ಕಾಡಿನಲ್ಲಿ ರಕ್ತದ ರುಚಿ ಕಂಡ ನಾಯಿಗೆ ನಿಮ್ಮ ಸೀಟಿಯ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ಕಾಡುಹಂದಿಯ ಕೋರೆಯೋ ಉರುಳೋ ತಗಲಿದರೆ ಮರಳಿ ಬರುವುದೇ ಇಲ್ಲ. ಕೇಳಿದವರು ಎಷ್ಟೇ ಹತ್ತಿರದವರಾದರೂ ಇಲ್ಲ ಎನ್ನಿ.

ಕೊನೆಯದು: ತಪ್ಪಿಸಿಕೊಂಡಾಗ

ಎಲ್ಲ ಎಚ್ಚರಿಕೆಯ ನಡುವೆಯೂ ಒಂದು ದಿನ ಗೇಟು ತೆರೆದಿರುತ್ತದೆ. ಆಗ ಹಿಂದೆ ಓಡಬೇಡಿ, ಏಕೆಂದರೆ ನಾಯಿ ನಿಮ್ಮನ್ನು ಓಟದ ಜೊತೆಗಾರನೆಂದು ತಿಳಿದು ಮತ್ತಷ್ಟು ದೂರ ಹೋಗುತ್ತದೆ. ಒಬ್ಬರು ಹೆದ್ದಾರಿಯ ದಿಕ್ಕಿಗೆ ಅಡ್ಡವಾಗಿ ಹೋಗಿ ನಿಲ್ಲಲಿ, ಇನ್ನೊಬ್ಬರು ನಾಯಿ ಕಣ್ಮರೆಯಾದ ಜಾಗದಲ್ಲೇ ಉಳಿಯಲಿ. ಕಣ್ಣಿನ ಬೇಟೆಯ ನಾಯಿ ಬೇಟೆ ತಪ್ಪಿದ ಮೇಲೆ ಬಹುಮಟ್ಟಿಗೆ ಓಟ ಆರಂಭಿಸಿದ ಜಾಗಕ್ಕೇ ಹಿಂದಿರುಗಿ ಹುಡುಕುತ್ತದೆ. ಅಲ್ಲಿ ಅದರ ಹಾಸಿಗೆಯ ಬಟ್ಟೆ ಹಾಸಿ, ನಾಯಿಗೆ ಬೆನ್ನೋ ಪಕ್ಕವೋ ತೋರುವಂತೆ ನೆಲದ ಮೇಲೆ ಕುಳಿತು, ಐದು ನಿಮಿಷಕ್ಕೊಮ್ಮೆ ಸೀಟಿ ಊದಿ. ಪಟ್ಟಿಯಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಕೆತ್ತಿದ ಬಿಲ್ಲೆ ಇರಲಿ. ಕತ್ತಲಾದರೂ ಮನೆಯ ಗೇಟನ್ನು ತೆರೆದೇ ಇಟ್ಟು ಅಂಗಳದ ದೀಪ ಹಚ್ಚಿಡಿ. ಬಂದಾಗ, ಅದು ನಡುರಾತ್ರಿಯಾಗಿರಲಿ, ಬಾಯಿಯಲ್ಲಿ ಏನೇ ಇರಲಿ, ಮೊದಲು ಬಂಗುಡೆಯ ತುಣುಕು ಕೊಡಿ. ಆಮೇಲೆ ದೀಪದ ಬೆಳಕಿನಲ್ಲಿ ಅಂಗಾಲುಗಳನ್ನು ಒಂದೊಂದಾಗಿ ಎತ್ತಿ ಮುಳ್ಳು, ಗಾಜು, ಹಾವಿನ ಹಲ್ಲಿನ ಗುರುತು ಇವೆಯೇ ಎಂದು ನೋಡಿ, ನೀರು ಕೊಟ್ಟು, ಒಳಗೆ ಕರೆದುಕೊಂಡು ಹೋಗಿ.